ಬೋರ್ಡಿಗೆ ಅರವತ್ತು, ಲೆಕ್ಕಕ್ಕೆ ಸೊನ್ನೆ!

ತಮ್ಮಂದಿರೇ, ತಂಗಿಯರೇ,

೨೦೨೩ರ ಡಿಸೆಂಬರ್ ೨೭ ನೆನಪಿದೆಯೇ? ಬೆಂಗಳೂರಿನ ಬೀದಿಗಳಲ್ಲಿ ಇಂಗ್ಲಿಷ್ ಬೋರ್ಡುಗಳು ನೆಲಕ್ಕೆ ಬಿದ್ದ ದಿನ. ನಿಮ್ಮಲ್ಲಿ ಹಲವರು ಅಂದು ಹಳದಿ-ಕೆಂಪು ಶಾಲು ಹಾಕಿಕೊಂಡು ಬೀದಿಯಲ್ಲಿದ್ದಿರಿ. ಕೆಲವರು ಪೊಲೀಸ್ ವ್ಯಾನು ಹತ್ತಿದಿರಿ. ೨೦೨೪ರಲ್ಲಿ ಕಾಯಿದೆಗೆ ತಿದ್ದುಪಡಿ ಬಂತು. ನಾಮಫಲಕದಲ್ಲಿ ಶೇಕಡಾ ೬೦ರಷ್ಟು ಕನ್ನಡ ಇರಲೇಬೇಕು, ಅದೂ ಮೇಲ್ಭಾಗದಲ್ಲಿ ಇರಬೇಕು ಎಂದಾಯಿತು.

ಸಂತೋಷ. ಸೊರಬದ ನನ್ನ ಪ್ರೆಸ್ಸಿನಲ್ಲಿ ಕನ್ನಡದ ಕರಪತ್ರಗಳನ್ನು ಎಷ್ಟೋ ಸಲ ಕಾಸು ಕೇಳದೆ ಅಚ್ಚು ಹಾಕಿಕೊಟ್ಟವನು ನಾನು. ಆ ಹಕ್ಕಿನಿಂದಲೇ ಒಂದು ಪ್ರಶ್ನೆ ಕೇಳುತ್ತೇನೆ. ನೀವು ಬದಲಾಯಿಸಿದ ಬೋರ್ಡಿನ ಹಿಂದೆ ಒಂದು ಕಂಪನಿ ಇದೆ. ಆ ಕಂಪನಿಗೆ ಸಾಲ ಇದೆ. ಆ ಸಾಲದ ಜೊತೆ ನಿಮ್ಮ ಸಂಬಳದ ದುಡ್ಡೂ ಸಿಕ್ಕಿಕೊಂಡಿದೆ. ಶೇರಿನ ರೂಪದಲ್ಲೋ, ಡಿಬೆಂಚರಿನ ರೂಪದಲ್ಲೋ, ಫ್ಲ್ಯಾಟಿಗೆ ಕೊಟ್ಟ ಮುಂಗಡದ ರೂಪದಲ್ಲೋ! ಸಾಲ ಎಷ್ಟು? ವಾಯಿದೆ ಯಾವಾಗ? ಯಾರ ದುಡ್ಡಿನಿಂದ ತೀರಿಸಿದರು? ಈ ಲೆಕ್ಕದಲ್ಲಿ ಕನ್ನಡ ಶೇಕಡಾ ಎಷ್ಟು?

ಸೊನ್ನೆ. ಕಾನೂನಿಗೆ ಹೆದರಿ ಪೇಪರಿನ ಮೂಲೆಯಲ್ಲಿ ಹಾಕುವ ಅಂಗೈಯಗಲದ ಜಾಹೀರಾತು ಬಿಟ್ಟರೆ, ಸೊನ್ನೆ!

ಬೋರ್ಡು ಕನ್ನಡದಲ್ಲಿದ್ದರೆ ಅಂಗಡಿಯ ಹೆಸರು ಗೊತ್ತಾಗುತ್ತದೆ. ಲೆಕ್ಕ ಕನ್ನಡದಲ್ಲಿದ್ದರೆ ಅಂಗಡಿ ಮುಳುಗುತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ. ನಿಮಗೆ ಯಾವುದು ಹೆಚ್ಚು ಬೇಕು, ನೀವೇ ಹೇಳಿ.

ನನ್ನ ೧,೮೦,೦೦೦ದ ಕಥೆ

ಮೊದಲು ನನ್ನ ದಡ್ಡತನ ಹೇಳಿಬಿಡುತ್ತೇನೆ. ಆಮೇಲೆ ಉಳಿದವರನ್ನು ಬೈಯುತ್ತೇನೆ. ಅದೇ ನ್ಯಾಯ.

ನಾನು ಓದಿದ್ದು ಪಿಯುಸಿ, ಕಾಮರ್ಸ್, ಕನ್ನಡ ಮಾಧ್ಯಮ. ಪ್ರೆಸ್ಸು ಹಾಕಿದ್ದು ಅಪ್ಪ, ಕಾಲಲ್ಲಿ ತುಳಿಯುವ ಟ್ರೆಡಲ್ ಯಂತ್ರದ ಕಾಲದಲ್ಲಿ. ಮೊಳೆ ಜೋಡಿಸುತ್ತಲೇ ಬೆಳೆದವನು ನಾನು. ಮದುವೆ ಕಾಗದ, ಜಾತ್ರೆ ಕರಪತ್ರ, ಸೊಸೈಟಿಯ ರಸೀದಿ ಪುಸ್ತಕ, ಇವೇ ನನ್ನ ಅನ್ನ. ೨೦೧೭ರಲ್ಲಿ ಹೊಸ ಕಟಿಂಗ್ ಮೆಷಿನ್ನಿಗೆಂದು ೧,೮೦,೦೦೦ ರೂಪಾಯಿ ಕೂಡಿಟ್ಟಿದ್ದೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅಕ್ಕನ ಮಗ ದೀಪಾವಳಿಗೆ ಬಂದವನು ಮೊಬೈಲು ತೋರಿಸಿದ.

“ಮಾವ, ಈ ರಸ್ತೆ-ಸೇತುವೆ ಕಟ್ಟೋ ಕಂಪನಿ ಒಂದೇ ವರ್ಷದಲ್ಲಿ ೩೦೦ ಕೋಟಿ ಸಾಲ ತೀರಿಸಿದೆ. ಸಾಲ ತೀರಿಸೋ ಕಂಪನಿ ಎಲ್ಲಾದರೂ ಮುಳುಗುತ್ತಾ?”

ನನಗೂ ಹೌದೆನ್ನಿಸಿತು. ಸಾಲ ತೀರಿಸುವವನು ಮರ್ಯಾದಸ್ಥ ಎಂದು ಹೇಳಿಕೊಟ್ಟ ಮನೆಯಲ್ಲಿ ಬೆಳೆದವನು ನಾನು. ದುಡ್ಡು ಹಾಕಿದೆ. ೨೦೧೯ರಲ್ಲಿ ಶೇರು ಮಾರಿದಾಗ ಕೈಗೆ ಬಂದದ್ದು ೬೨,೦೦೦. ಕಟಿಂಗ್ ಮೆಷಿನ್ ಇವತ್ತಿಗೂ ಹಳೆಯದೇ. ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಅದೊಂದರಿಂದ ದೂರ ಇರುತ್ತೀರಿ, ಲೆಕ್ಕ ಓದುವುದನ್ನು ಮಾತ್ರ ಕಲಿಯುವುದಿಲ್ಲ.

ಎಲ್ಲ ಮುಗಿದ ಮೇಲೆ ನನಗೆ ಬುದ್ಧಿ ಬಂತು. ಕಂಪನಿಯ ವಾರ್ಷಿಕ ವರದಿಯಿಂದ ಎರಡು ಹಾಳೆ ಪ್ರಿಂಟು ತೆಗೆದು, ನಮ್ಮೂರ ಸೊಸೈಟಿಯ ನಿವೃತ್ತ ಕಾರ್ಯದರ್ಶಿಯೊಬ್ಬರ ಜಗಲಿಗೆ ಹೋದೆ. ಅವರು ಕನ್ನಡಕ ಏರಿಸಿ, ಪೆನ್ಸಿಲು ಹಿಡಿದು, ಅರ್ಧ ಗಂಟೆಯಲ್ಲಿ ಎಲ್ಲವನ್ನೂ ಬಿಡಿಸಿಟ್ಟರು. ಅಚ್ಚಗನ್ನಡದಲ್ಲಿ! ಅವರು ತೋರಿಸಿದ್ದು ಇಷ್ಟೇ. ನಿಮಗೆ ಸುಲಭವಾಗಲೆಂದು ಅಂಕಿಗಳನ್ನು ಸುತ್ತು ಮಾಡಿದ್ದೇನೆ, ಲೆಕ್ಕದ ಆಕಾರ ಮಾತ್ರ ಅದೇ.

ಕೆಲಸದಿಂದ ಕೈಗೆ ಬಂದ ನಗದು: ೪೦ ಕೋಟಿ.
ಜಾಗ ಮಾರಿ ಬಂದದ್ದು: ೬೦ ಕೋಟಿ.
ಹೊಸದಾಗಿ ಎತ್ತಿದ ಸಾಲ: ೨೬೦ ಕೋಟಿ.
ತೀರಿಸಿದ ಹಳೆ ಸಾಲ: ೩೦೦ ಕೋಟಿ.
ಕಟ್ಟಿದ ಬಡ್ಡಿ: ೫೫ ಕೋಟಿ.

ನೋಡಿದಿರಾ? ೩೦೦ ಕೋಟಿ ತೀರಿಸಿದ್ದು ಸುಳ್ಳಲ್ಲ. ಆದರೆ ೨೬೦ ಕೋಟಿ ಹೊಸದಾಗಿ ಎತ್ತಿದ್ದೂ ಸುಳ್ಳಲ್ಲ. ಸಾಲ ನಿಜವಾಗಿ ಇಳಿದದ್ದು ಬರೀ ೪೦ ಕೋಟಿ. ಅದೂ ಜಾಗ ಮಾರಿ! ಇಡೀ ವರ್ಷ ದುಡಿದು ತಂದ ೪೦ ಕೋಟಿ ಬಡ್ಡಿಗೇ ಸಾಲಲಿಲ್ಲ, ೧೫ ಕೋಟಿ ಕಡಿಮೆ ಬಿತ್ತು. ಪೇಪರಿನಲ್ಲಿ ಬಂದದ್ದು ಯಾವ ಸಾಲು? “೩೦೦ ಕೋಟಿ ಸಾಲ ತೀರಿಸಿದ ಕಂಪನಿ.” ನನ್ನ ಅಕ್ಕನ ಮಗ ಓದಿದ್ದು ಆ ಒಂದೇ ಸಾಲು. ನಾನು ಅವನ ಮುಖ ಓದಿದೆ, ಅಷ್ಟೇ.

ಮಾರ್ಚ್ ೩೧ರ ನಾಟಕ

ಇದು ಹಳ್ಳಿಯಿಂದ ಬಂದ ಯಾರಿಗೂ ಹೊಸದಲ್ಲ. ಮಾರ್ಚ್ ತಿಂಗಳ ಕೊನೆಯ ವಾರ ಸೊಸೈಟಿಯ ಮುಂದೆ ನಿಂತು ನೋಡಿ. ಬೆಳೆ ಸಾಲ ವಾಯಿದೆಯೊಳಗೆ ಕಟ್ಟದಿದ್ದರೆ ಬಡ್ಡಿ ರಿಯಾಯಿತಿ ಹೋಗುತ್ತದೆ. ರೈತನ ಕೈಯಲ್ಲಿ ದುಡ್ಡಿಲ್ಲ. ಒಂದು ವಾರಕ್ಕೆಂದು ಕೈಸಾಲ ತರುತ್ತಾನೆ, ಸೊಸೈಟಿಗೆ ಕಟ್ಟುತ್ತಾನೆ, ಸಾಲ ಹೊಸತು ಮಾಡಿಸಿಕೊಳ್ಳುತ್ತಾನೆ, ಅದೇ ದುಡ್ಡಿನಲ್ಲಿ ಕೈಸಾಲ ತೀರಿಸುತ್ತಾನೆ. ಸೊಸೈಟಿಯ ಪುಸ್ತಕದಲ್ಲಿ ಅವನು ಸಾಲ ತೀರಿಸಿದ ಒಳ್ಳೆಯ ಸದಸ್ಯ. ಮನೆಯಲ್ಲಿ ಹೆಂಡತಿಗೆ ಗೊತ್ತು, ಸಾಲ ಎಲ್ಲಿತ್ತೋ ಅಲ್ಲೇ ಇದೆ!

ನಮ್ಮ ಅಪ್ಪಂದಿರು ಬಡತನಕ್ಕೆ ಮಾಡಿದ್ದನ್ನು ಕಂಪನಿಗಳು ಕೋಟಿಗಳಲ್ಲಿ ಮಾಡುತ್ತವೆ. ಅದಕ್ಕೆ ‘ರೀಫೈನಾನ್ಸ್’ ಎಂಬ ಸೂಟು-ಬೂಟಿನ ಹೆಸರು. ರೈತ ಮಾಡಿದರೆ ‘ಅಡ್ಜಸ್ಟ್‌ಮೆಂಟು’, ಕಂಪನಿ ಮಾಡಿದರೆ ‘ರೀಫೈನಾನ್ಸ್’. ಈ ಇಂಗ್ಲಿಷ್ ಪದದ ಮುಂದೆ ನಮ್ಮ ಹುಡುಗರು ಕೈಕಟ್ಟಿ ನಿಲ್ಲುತ್ತಾರೆ. ಅದೇ ಮಾತನ್ನು “ಸಾಲ ಹೊಸತು ಮಾಡಿಸಿಕೊಂಡರು” ಎಂದು ಕನ್ನಡದಲ್ಲಿ ಬರೆದಿದ್ದರೆ ನಾನು ೧,೮೦,೦೦೦ ಹಾಕುತ್ತಿದ್ದೆನೇ?

ಹಾಗಾದರೆ ಸಾಲ ಹೊಸತು ಮಾಡಿಸುವುದು ಅಪರಾಧವೇ? ಅಲ್ಲ. ಕಡಿಮೆ ಬಡ್ಡಿಗೆ, ಉದ್ದದ ವಾಯಿದೆಗೆ ಬದಲಾಯಿಸಿಕೊಂಡರೆ ಅದು ಜಾಣತನ. ಅದನ್ನೇ ‘ಸಾಲ ತೀರಿತು’ ಎಂದು ನಂಬುವುದು ದಡ್ಡತನ.

ಐದು ಜೇಬು

ಕಂಪನಿ ಸಾಲ ತೀರಿಸಿತು ಎಂದರೆ ಆ ದುಡ್ಡು ಐದು ಜೇಬುಗಳಲ್ಲಿ ಯಾವುದೋ ಒಂದರಿಂದ ಬಂದಿರಬೇಕು. ಒಂದು, ತನ್ನ ಕೆಲಸದಿಂದ ಬಂದ ನಗದು. ಎರಡು, ಇನ್ನೊಬ್ಬ ಸಾಲಗಾರನ ಜೇಬು. ಮೂರು, ಮಾರಿದ ಆಸ್ತಿ. ನಾಲ್ಕು, ಶೇರುದಾರರ ಜೇಬು. ಐದು, ಮನೆ ಕೊಳ್ಳಲು ಮುಂಗಡ ಕೊಟ್ಟವರ ಜೇಬು. ಪ್ರಶ್ನೆ ಒಂದೇ, ಎಷ್ಟು ತೀರಿಸಿದರು ಎಂದು ಕೇಳುವ ಮೊದಲು ಯಾವ ಜೇಬು ಎಂದು ಕೇಳಿ.

ಮೊದಲ ಜೇಬಿನ ಬಗ್ಗೆ ಒಂದು ಎಚ್ಚರ. ಲಾಭ ಬೇರೆ, ನಗದು ಬೇರೆ. ಚುನಾವಣೆಗೆ ಕರಪತ್ರ ಅಚ್ಚು ಹಾಕಿಸಿಕೊಂಡು ಹೋದ ಅಭ್ಯರ್ಥಿ ಸೋತ ಮೇಲೆ ಈ ಕಡೆ ತಲೆ ಹಾಕುವುದಿಲ್ಲ. ನನ್ನ ಪುಸ್ತಕದಲ್ಲಿ ವ್ಯಾಪಾರ ಭರ್ಜರಿ, ಕಾಗದದ ಅಂಗಡಿಯವನಿಗೆ ಕೊಡಲು ಕಾಸಿಲ್ಲ. ಕಟ್ಟಡ ಕಂಪನಿಯ ಕಥೆಯೂ ಇದೇ. ಸೇತುವೆ ಅರ್ಧ ಮುಗಿದಾಗಲೇ ಅಷ್ಟರ ಆದಾಯವನ್ನು ಪುಸ್ತಕಕ್ಕೆ ಬರೆದುಕೊಳ್ಳುತ್ತಾರೆ. ಬಿಲ್ಲಿನ ದುಡ್ಡು ಸರ್ಕಾರದಿಂದ ಬರುವುದು ಎಂದೋ! ಬಾಕಿ ಬಿಲ್ಲುಗಳಿಗಾಗಿ ನಮ್ಮ ರಾಜ್ಯದ ಗುತ್ತಿಗೆದಾರರ ಸಂಘ ಎಷ್ಟು ಸಲ ಬಹಿರಂಗವಾಗಿ ಗೋಳು ಹೇಳಿಕೊಂಡಿಲ್ಲ? ಬ್ಯಾಂಕಿನವನು ಪುಸ್ತಕದ ಲಾಭವನ್ನು ಕಂತಿಗೆ ಹಿಡಿದುಕೊಳ್ಳುವುದಿಲ್ಲ. ಅವನಿಗೆ ನಗದೇ ಬೇಕು.

ನಾಲ್ಕನೆಯ ಜೇಬು: ಬೆಂಗಳೂರಿನದೇ ಒಂದು ಉದಾಹರಣೆ

ಬೆಂಗಳೂರಿನ ಶೋಭಾ ಲಿಮಿಟೆಡ್ ಹೆಸರು ಕೇಳದವರಿಲ್ಲ. ಅಪಾರ್ಟ್‌ಮೆಂಟು ಕಟ್ಟುವ, ಬೇರೆಯವರಿಗೂ ಕಟ್ಟಡ ಕಟ್ಟಿಕೊಡುವ ಕಂಪನಿ. ೨೦೨೪ರ ಜೂನ್‌ನಲ್ಲಿ ತನ್ನ ಶೇರುದಾರರಿಗೇ ಹೊಸ ಶೇರು ಕೊಟ್ಟು ಸುಮಾರು ೨,೦೦೦ ಕೋಟಿ ಎತ್ತಲು ಹೊರಟಿತು. ಇದಕ್ಕೆ ‘ರೈಟ್ಸ್ ಇಶ್ಯೂ’ ಎನ್ನುತ್ತಾರೆ, ಅಂದರೆ ಹಕ್ಕಿನ ಶೇರು. ೪೭ ಶೇರು ಇದ್ದವರಿಗೆ ೬ ಹೊಸ ಶೇರು, ಒಂದಕ್ಕೆ ೧,೬೫೧ ರೂಪಾಯಿ. ಲೆಕ್ಕ ಹಾಕಿ. ೪೭ ಶೇರಿನವನು ಒಟ್ಟು ೯,೯೦೬ ರೂಪಾಯಿ ಹೊಂದಿಸಬೇಕು. ಎತ್ತಿದ ದುಡ್ಡಿನಲ್ಲಿ ಸುಮಾರು ೯೦೦ ಕೋಟಿ ಹಳೆಯ ಸಾಲ ತೀರಿಸಲಿಕ್ಕೆ ಎಂದು ಕಂಪನಿಯೇ ಹೇಳಿತು. ಅಂದರೆ ಶೇರುದಾರ ಕೊಡುವ ಪ್ರತಿ ೧೦೦ ರೂಪಾಯಿಯಲ್ಲಿ ಹೆಚ್ಚುಕಡಿಮೆ ೪೫ ಸಾಲಕ್ಕೆ.

ಇದರಲ್ಲಿ ಮೋಸವಿಲ್ಲ. ಎಲ್ಲ ಹೇಳಿಯೇ ಮಾಡಿದರು, ಕಾನೂನಿನಂತೆಯೇ ಮಾಡಿದರು. ಸಾಲ ಇಳಿದರೆ ಬಡ್ಡಿ ಉಳಿಯುತ್ತದೆ, ಅದು ಶೇರುದಾರನಿಗೂ ಒಳ್ಳೆಯದೇ. ಆದರೆ ತಮ್ಮಂದಿರೇ, ಹೀಗೆ ತೀರಿದ ಸಾಲವನ್ನೂ ಕಟ್ಟಡ ಮಾರಿದ ಲಾಭದಿಂದ ತೀರಿದ ಸಾಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಒಂದರಲ್ಲಿ ಕಂಪನಿ ದುಡಿದು ತೀರಿಸಿತು. ಇನ್ನೊಂದರಲ್ಲಿ ಮಾಲೀಕರು ಇನ್ನಷ್ಟು ಬಂಡವಾಳ ಹಾಕಿ ತೀರಿಸಿದರು. ಶೇರು ಇಟ್ಟುಕೊಂಡ ನೀವೂ ಆ ಮಾಲೀಕರಲ್ಲಿ ಒಬ್ಬರು! ಹೊಸ ಶೇರಿಗೆ ದುಡ್ಡು ಹಾಕದಿದ್ದರೆ ಕಂಪನಿಯಲ್ಲಿ ನಿಮ್ಮ ಪಾಲು ಅಷ್ಟು ಕಿರಿದಾಗುತ್ತದೆ.

ಎರಡನೆಯ ಜೇಬು: ಟ್ರಿಪಲ್ ಎ ಮಹಾತ್ಮೆ

ಇನ್ನೊಬ್ಬನ ಜೇಬಿಗೆ ಕೈಹಾಕಿ ಸಾಲ ತೀರಿಸುತ್ತಾ ಹೋದವರ ಗತಿ ಏನಾಗುತ್ತದೆ? ಮುಂಬಯಿಯ ಐಎಲ್ ಅಂಡ್ ಎಫ್ಎಸ್ ನೋಡಿ. ೧೯೮೭ರಲ್ಲಿ ಹುಟ್ಟಿದ ಸಂಸ್ಥೆ. ಎಲ್ಐಸಿ, ಸ್ಟೇಟ್ ಬ್ಯಾಂಕ್ ಅದರ ಪಾಲುದಾರರು. ರಸ್ತೆ, ಸುರಂಗ, ವಿದ್ಯುತ್ತು, ಎಲ್ಲದರಲ್ಲೂ ಕೈ. ಕಾಶ್ಮೀರದ ಹೆದ್ದಾರಿಯಲ್ಲಿ ೨೦೧೭ರಲ್ಲಿ ಉದ್ಘಾಟನೆಯಾದ ಸುಮಾರು ೯ ಕಿಲೋಮೀಟರಿನ ಚೆನಾನಿ-ನಶ್ರಿ ಸುರಂಗ ಕಟ್ಟಿದ್ದು ಇದರದೇ ಮರಿ ಕಂಪನಿ. ರೇಟಿಂಗ್ ಸಂಸ್ಥೆಗಳು ಕೊಡುತ್ತಿದ್ದದ್ದು ‘ಟ್ರಿಪಲ್ ಎ’, ಅಂದರೆ ನೂರಕ್ಕೆ ನೂರು ಅಂಕ!

೨೦೧೮ರ ಆಗಸ್ಟ್ ಹೊತ್ತಿಗೆ ಅಂಕ ಇಳಿಯತೊಡಗಿತು. ಸೆಪ್ಟೆಂಬರ್‌ನಲ್ಲಿ ‘ಡಿ’. ನೂರರಿಂದ ಸೊನ್ನೆಗೆ ಕೆಲವೇ ವಾರ. ೨೦೧೮ರ ಅಕ್ಟೋಬರ್ ೧ರಂದು ಕೇಂದ್ರ ಸರ್ಕಾರ ಆಡಳಿತ ಮಂಡಳಿಯನ್ನೇ ಕಿತ್ತುಹಾಕಿ ಹೊಸಬರನ್ನು ಕೂರಿಸಿತು. ಇಡೀ ಬಳಗದ ಸಾಲ ೯೧,೦೦೦ ಕೋಟಿಗೂ ಮೇಲೆ!

ಸುರಂಗ ಕುಸಿಯಿತೇ? ಇಲ್ಲ. ಅದು ಇವತ್ತೂ ಇದೆ. ಕುಸಿದದ್ದು ವಾಯಿದೆಯ ಲೆಕ್ಕ. ರಸ್ತೆ-ಸುರಂಗದ ದುಡ್ಡು ಬರುವುದು ೧೫-೨೦ ವರ್ಷಗಳಲ್ಲಿ. ತಂದ ಸಾಲದಲ್ಲಿ ಬಹಳಷ್ಟು ತೀರಿಸಬೇಕಾದದ್ದು ಅದಕ್ಕಿಂತ ಎಷ್ಟೋ ಮೊದಲು, ಕೆಲವನ್ನಂತೂ ತಿಂಗಳುಗಳೊಳಗೆ. ನಮ್ಮ ಕಡೆಯ ಮಾತಲ್ಲಿ ಹೇಳುವುದಾದರೆ, ಮೂರು ತಿಂಗಳ ಕೈಸಾಲ ತಂದು ಅಡಿಕೆ ಸಸಿ ನೆಟ್ಟಂತೆ! ಸಸಿ ಚೆನ್ನಾಗಿಯೇ ಇದೆ ಮಾರಾಯ್ರೆ, ಕೊನೆ ಬಿಡಲು ವರ್ಷಗಳು ಬೇಕಲ್ಲ? ಹಳೆ ಸಾಲ ತೀರಿಸಲು ಹೊಸ ಸಾಲ, ಅದನ್ನು ತೀರಿಸಲು ಇನ್ನೊಂದು. ಒಂದು ದಿನ ಹೊಸ ಸಾಲ ಕೊಡುವವನು “ಈ ಸಲ ಆಗುವುದಿಲ್ಲ” ಎಂದ. ಅಲ್ಲಿಗೆ ಮುಗಿಯಿತು.

ಆದ್ದರಿಂದ ಒಟ್ಟು ಸಾಲ ನೋಡಿದರೆ ಸಾಲದು. ವರ್ಷದೊಳಗೆ ತೀರಿಸಬೇಕಾದದ್ದು ಎಷ್ಟು ಎಂದು ನೋಡಿ. ಅಢಾವೆ ಪತ್ರಿಕೆಯಲ್ಲಿ ಅದನ್ನು ಬೇರೆಯಾಗಿಯೇ ತೋರಿಸಿರುತ್ತಾರೆ. ಅದರ ಪಕ್ಕದಲ್ಲಿ ಕೈಯಲ್ಲಿರುವ ನಗದು ಇಟ್ಟು ನೋಡಿ. ನಿದ್ದೆ ಬರುತ್ತದೋ ಇಲ್ಲವೋ ಆಗ ಗೊತ್ತಾಗುತ್ತದೆ. ಕಂಪನಿ ನಡೆಸುವವರು ತಮ್ಮ ಶೇರನ್ನೇ ಅಡವಿಟ್ಟು ಸಾಲ ತಂದಿದ್ದಾರೆಯೇ ಎಂಬುದನ್ನೂ ನೋಡಿ. ಶೇರು ಯಾರ ಯಾರ ಕೈಲಿದೆ ಎಂದು ಕಂಪನಿ ಮೂರು ತಿಂಗಳಿಗೊಮ್ಮೆ ಒಪ್ಪಿಸುವ ಪಟ್ಟಿಯಲ್ಲಿ ಅದಕ್ಕೊಂದು ಕಲಂ ಇದೆ. ಮನೆಯೊಡತಿಯ ಕರಿಮಣಿ ಅಡವಿಟ್ಟ ಮನೆ ಹೇಗಿರುತ್ತದೆಂದು ನಿಮಗೆ ಹೇಳಿಕೊಡಬೇಕೇ?

ಇನ್ನೂ ಎರಡು ಕಿಟಕಿಗಳಿವೆ. ಶೇರುಪೇಟೆಯಲ್ಲಿರುವ ಕಂಪನಿ ಬ್ಯಾಂಕಿನ ಕಂತು ತಪ್ಪಿಸಿ ೩೦ ದಿನ ದಾಟಿದರೆ, ೨೪ ಗಂಟೆಯೊಳಗೆ ಅದನ್ನು ಜಗತ್ತಿಗೆ ಹೇಳಬೇಕು. ೨೦೨೦ರ ಜನವರಿಯಿಂದ ಸೆಬಿಯ ನಿಯಮ ಇದು. ಮತ್ತೊಂದು, ಆಸ್ತಿ ಅಡವಿಟ್ಟು ತಂದ ಸಾಲವನ್ನು ಕಂಪನಿಗಳ ರಿಜಿಸ್ಟ್ರಾರರಲ್ಲಿ ನೋಂದಾಯಿಸಬೇಕು, ತೀರಿದಾಗ ಋಣಮುಕ್ತಿಯನ್ನೂ ನೋಂದಾಯಿಸಬೇಕು. ಪಹಣಿಯ ಋಣದ ಕಲಂ ಇದ್ದ ಹಾಗೆ. ಸಾಲ ತೀರಿತು ಎನ್ನುವ ಕಂಪನಿಯ ಋಣಮುಕ್ತಿ ಅಲ್ಲಿ ಕಾಣಿಸುತ್ತಿದೆಯೇ? ಅದು ಕಣ್ಣಿಗೆ ಬೀಳುವ ಮೊದಲು ಸಿಹಿ ಹಂಚಬೇಡಿ.

ಐದನೆಯ ಜೇಬು: ಫ್ಲ್ಯಾಟು ಬುಕ್ ಮಾಡಿದವರೇ, ನೀವೇ!

“ನಾನು ಶೇರುಪೇಟೆಗೇ ಹೋಗಿಲ್ಲ, ಫ್ಲ್ಯಾಟು ಬುಕ್ ಮಾಡಿದ್ದೇನೆ ಅಷ್ಟೇ” ಎನ್ನುವವರಿಗೂ ಒಂದು ಮಾತು. ನೀವೂ ಬಿಲ್ಡರಿಗೆ ಸಾಲ ಕೊಟ್ಟವರೇ. ನೀವು ಕೊಟ್ಟ ಮುಂಗಡ ಮನೆ ಕೈಸೇರುವ ತನಕ ಅವರ ಮೇಲಿನ ಋಣ. ೨೦೧೬ರ ರೇರಾ ಕಾಯಿದೆ ಹೇಳುತ್ತದೆ, ಕೊಳ್ಳುವವರಿಂದ ಬಂದ ದುಡ್ಡಿನಲ್ಲಿ ಶೇಕಡಾ ೭೦ನ್ನು ಆ ಯೋಜನೆಗೆಂದೇ ಬೇರೆ ಖಾತೆಯಲ್ಲಿ ಇಡಬೇಕು, ಜಾಗಕ್ಕೂ ಕಟ್ಟಡಕ್ಕೂ ಮಾತ್ರ ಬಳಸಬೇಕು. ಎಷ್ಟು ಕೆಲಸ ಆಗಿದೆಯೋ ಅಷ್ಟಕ್ಕೆ ತಕ್ಕಂತೆ ತೆಗೆಯಬೇಕು, ಅದಕ್ಕೆ ಎಂಜಿನಿಯರು, ವಾಸ್ತುಶಿಲ್ಪಿ, ಲೆಕ್ಕ ಪರಿಶೋಧಕ ಮೂವರೂ ಸಹಿ ಹಾಕಬೇಕು. ಈ ನಿಯಮ ಬಂದದ್ದೇಕೆ? ನಿಮ್ಮ ಮನೆಯ ದುಡ್ಡಿನಲ್ಲಿ ಇನ್ನೆಲ್ಲಿಯದೋ ಹಳೆ ಸಾಲ ತೀರಿಸುವ ಚಾಳಿ ಇದ್ದದ್ದಕ್ಕೆ!

ಕಂಪನಿ ದಿವಾಳಿಯಾದರೆ ಊಟಕ್ಕೆ ಪಂಕ್ತಿ ಹಾಕುತ್ತಾರೆ. ಮೊದಲ ಎಲೆ ದಿವಾಳಿ ಪ್ರಕ್ರಿಯೆಯ ಖರ್ಚಿಗೆ. ಆಮೇಲೆ ಕಾರ್ಮಿಕರ ೨೪ ತಿಂಗಳ ಬಾಕಿ, ಅವರ ಪಕ್ಕದಲ್ಲೇ ಅಡವು ಇಟ್ಟುಕೊಂಡ ಬ್ಯಾಂಕುಗಳು. ಆಮೇಲೆ ನೌಕರರು, ಅಡವಿಲ್ಲದೆ ಸಾಲ ಕೊಟ್ಟವರು, ಸರ್ಕಾರ. ೨೦೧೮ರ ತಿದ್ದುಪಡಿಯ ಮೇಲೆ ಮನೆ ಕೊಳ್ಳುವವರನ್ನೂ ಸಾಲ ಕೊಟ್ಟವರೆಂದೇ ಎಣಿಸುತ್ತಾರೆ, ೨೦೧೯ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕಟ್ಟಕಡೆಯ ಪಂಕ್ತಿ ಶೇರುದಾರನದು. ಆ ಹೊತ್ತಿಗೆ ಪಾಯಸ ಹೋಗಲಿ, ಸಾರೂ ಇರುವುದಿಲ್ಲ, ಬಾಳೆಲೆ ಮಾತ್ರ! ಕಡೆಯ ಪಂಕ್ತಿಯಲ್ಲಿ ಕೂರುವವನು ಅಡಿಗೆ ಎಷ್ಟಾಗಿದೆ ಎಂದು ಎಲ್ಲರಿಗಿಂತ ಮೊದಲು ಕೇಳಬೇಕಲ್ಲವೇ? ನಮ್ಮ ಹುಡುಗರು ಕೇಳುವುದೇ ಇಲ್ಲ. ವಾಟ್ಸಾಪಿನಲ್ಲಿ ಟಿಪ್ಪು ಬಂತು, ಹಾಕಿದರು.

ಇದನ್ನು ಕನ್ನಡದಲ್ಲಿ ಯಾಕೆ ಕೊಡುವುದಿಲ್ಲ?

ಈಗ ನಮ್ಮ ಮೂಲ ಜಗಳಕ್ಕೆ ಬರೋಣ.

ಶೇರುಪೇಟೆಯಲ್ಲಿರುವ ಕಂಪನಿ ತನ್ನ ಫಲಿತಾಂಶವನ್ನು ಒಂದು ಇಂಗ್ಲಿಷ್ ಪತ್ರಿಕೆಯಲ್ಲೂ ನೋಂದಾಯಿತ ಕಚೇರಿ ಇರುವ ಪ್ರದೇಶದ ಭಾಷೆಯ ಒಂದು ಪತ್ರಿಕೆಯಲ್ಲೂ ಪ್ರಕಟಿಸಬೇಕೆಂದು ಸೆಬಿಯ ನಿಯಮ ಹೇಳುತ್ತದೆ. ಕಚೇರಿ ಬೆಂಗಳೂರಿನಲ್ಲಿದ್ದರೆ ಕನ್ನಡದಲ್ಲಿ! ಇದು ಯಾರ ಭಿಕ್ಷೆಯೂ ಅಲ್ಲ, ನಿಯಮ. ಆದರೆ ಅಲ್ಲಿ ಬರುವುದೇನು? ಇರುವೆ ಸಾಲಿನಂಥ ಅಕ್ಷರದಲ್ಲಿ ಕೆಲವು ಅಂಕಿಗಳು. ನಾನು ಅಚ್ಚಿನವನು, ಹೇಳುತ್ತೇನೆ ಕೇಳಿ, ಅಷ್ಟು ಚಿಕ್ಕ ಅಕ್ಷರ ಓದಿಸಲಿಕ್ಕೆ ಹಾಕುವುದಲ್ಲ, ಹಾಕಿದ್ದೇವೆ ಎಂದು ಹೇಳಿಕೊಳ್ಳಲಿಕ್ಕೆ ಹಾಕುವುದು. ಸಾಲ ಯಾವ ಜೇಬಿನಿಂದ ತೀರಿತು ಎಂಬುದು ಅದರಲ್ಲಿ ತಿಳಿಯುವುದಿಲ್ಲ. ೨೦೨೪ರಲ್ಲಿ ಈ ನಿಯಮವನ್ನೂ ಸಡಿಲಿಸಿದರು. ಪೂರ್ತಿ ಪಟ್ಟಿ ಬೇಡ, ವೆಬ್ ಪುಟಕ್ಕೆ ದಾರಿ ತೋರಿಸುವ ಕ್ಯೂಆರ್ ಚೌಕ ಹಾಕಿದರೆ ಸಾಕಂತೆ. 

ಅದೇ ೨೦೨೪ರಲ್ಲಿ ಸೆಬಿ ಇನ್ನೊಂದು ಆಜ್ಞೆ ಹೊರಡಿಸಿತು. ಜನರಿಂದ ಮೊದಲ ಸಲ ದುಡ್ಡು ಎತ್ತುವ ಕಂಪನಿ ತನ್ನ ವಿವರಗಳನ್ನು ಸುಮಾರು ಹತ್ತು ನಿಮಿಷದ ವಿಡಿಯೋ ಮಾಡಿ ತೋರಿಸಬೇಕು. ಒಳ್ಳೆಯದೇ. ಯಾವ ಭಾಷೆಯಲ್ಲಿ? ಇಂಗ್ಲಿಷ್ ಮತ್ತು ಹಿಂದಿ! ಬೆಂಗಳೂರಿನ ಕಂಪನಿ, ಕನ್ನಡಿಗನ ದುಡ್ಡು, ಕನ್ನಡ ನಾಡಿನ ಜಾಗ, ವಿವರಣೆ ಮಾತ್ರ ಹಿಂದಿಯಲ್ಲಿ ಸಾಕೇ? ದುಡ್ಡು ಕೊಡುವಾಗ ನಾವು ಭಾರತೀಯರು, ಲೆಕ್ಕ ಕೇಳುವಾಗ ನಾವು ಪ್ರಾದೇಶಿಕರೇ?

ಇನ್ನೊಂದು ತಮಾಷೆ ನೋಡಿ. ನೀವು ಬ್ಯಾಂಕಿನಿಂದ ಮನೆ ಸಾಲ ತೆಗೆದುಕೊಂಡರೆ, ಬಡ್ಡಿ-ಕಂತು-ದಂಡದ ಮುಖ್ಯ ವಿವರಗಳ ಹಾಳೆಯನ್ನು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು. ೨೦೨೪ರ ಅಕ್ಟೋಬರ್ ೧ರಿಂದ ರಿಸರ್ವ್ ಬ್ಯಾಂಕಿನ ಕಟ್ಟಪ್ಪಣೆ ಇದು. ಅಂದರೆ ನೀವು ಸಾಲ ತೆಗೆದುಕೊಳ್ಳುವಾಗ ಕನ್ನಡ ಕೇಳುವ ಹಕ್ಕುಂಟು, ಕಂಪನಿಗೆ ನೀವು ದುಡ್ಡು ಕೊಡುವಾಗ ಇಲ್ಲ! ಇದು ಯಾವ ನ್ಯಾಯ ಸ್ವಾಮಿ?

“ಕನ್ನಡದಲ್ಲಿ ಈ ಪದಗಳೆಲ್ಲ ಇಲ್ಲ” ಎನ್ನುವ ಮಹಾಶಯರಿದ್ದಾರೆ. ಕಿರ್ದಿ, ಖಾತೆ, ಅಢಾವೆ, ಬಾಕಿ, ವಾಯಿದೆ, ಅಡಮಾನ, ಭೋಗ್ಯ, ಜಾಮೀನು, ಋಣಮುಕ್ತಿ, ಇವು ಯಾವ ಭಾಷೆಯ ಬಳಕೆಯ ಪದಗಳು? ಕಡತದಲ್ಲೂ ಇವೆ, ಮಂಡಿಯಲ್ಲೂ ಇವೆ, ನನ್ನ ಪಿಯುಸಿ ಪುಸ್ತಕದಲ್ಲೂ ಇದ್ದವು. ನಮ್ಮ ಸೊರಬ ತಾಲ್ಲೂಕಿನ ನೂರಾರು ಶಾಸನಗಳನ್ನು ಬಿ.ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ೮ನೇ ಸಂಪುಟದಲ್ಲಿ ಅಚ್ಚು ಹಾಕಿಸಿದ್ದಾರೆ. ದಾನ ಕೊಟ್ಟವರು ಯಾರು, ಯಾವ ಜಮೀನು, ಎಲ್ಲೆ ಎಲ್ಲಿ, ಇಂಥ ವಿವರಗಳನ್ನು ನಮ್ಮ ಹಿರಿಯರು ಊರಿಗೆ ಅರ್ಥವಾಗುವ ಮಾತಿನಲ್ಲಿ ಕಲ್ಲಿನ ಮೇಲೆ ಕೆತ್ತಿಸಿ, ಎಲ್ಲರೂ ಕಾಣುವಲ್ಲಿ ನಿಲ್ಲಿಸಿದರು. ಕಲ್ಲಿನ ಮೇಲೆ ಸಾಧ್ಯವಾದದ್ದು ಕಾಗದದ ಮೇಲೆ ಸಾಧ್ಯವಿಲ್ಲವೇ? ದೂರ ಯಾಕೆ, ಭೂಮಿ ಯೋಜನೆಯಲ್ಲಿ ಸುಮಾರು ೨ ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹತ್ತಿಸಿ, ಕನ್ನಡದಲ್ಲೇ ರೈತನ ಕೈಗೆ ಕೊಟ್ಟದ್ದು ಇದೇ ಕರ್ನಾಟಕ. ಅರ್ಧ ಎಕರೆಯವನ ಋಣ ಕನ್ನಡದಲ್ಲಿ ಬರೆಯಲು ಬರುತ್ತದೆ, ಸಾವಿರ ಕೋಟಿಯವನ ಋಣ ಬರೆಯಲು ಬರುವುದಿಲ್ಲವೇ?

“ಮೊಬೈಲಿನಲ್ಲಿ ಯಂತ್ರವೇ ಅನುವಾದ ಮಾಡುತ್ತದಲ್ಲ?” ಎಂದು ನೀವು ಕೇಳಬಹುದು. ಮಾಡುತ್ತದೆ. ತಪ್ಪಿದರೆ ಹೊಣೆ ಯಾರು? ಯಂತ್ರ ಸಹಿ ಹಾಕುತ್ತದೆಯೇ? ಕಂಪನಿಯ ನಿರ್ದೇಶಕರು ಸಹಿ ಹಾಕಿದ ಕನ್ನಡ ಹಾಳೆ ನಮಗೆ ಬೇಕು. ಅದರಲ್ಲಿ ಸುಳ್ಳಿದ್ದರೆ ಅವರು ಉತ್ತರ ಕೊಡುವಂತಿರಬೇಕು.

“ನನಗೆ ಇಂಗ್ಲಿಷ್ ಬರುತ್ತದೆ, ನನಗೇನು?” ಎನ್ನುವವರು ಎದೆ ಮುಟ್ಟಿಕೊಂಡು ಹೇಳಿ, ನೀವು ದುಡ್ಡು ಹಾಕಿದ ಕಂಪನಿಯ ನಗದು ಹರಿವಿನ ಪಟ್ಟಿ ಓದಿದ್ದೀರಾ? ನನ್ನ ಅಕ್ಕನ ಮಗನೂ ಇಂಗ್ಲಿಷ್ ಮಾಧ್ಯಮವೇ. ಊರಲ್ಲಿ ನಿಮ್ಮ ಅಪ್ಪ ಅಡಿಕೆ ಮಾರಿದ ದುಡ್ಡು ನಿಮ್ಮ ಮಾತು ನಂಬಿ ಬೆಂಗಳೂರಿನ ಕಂಪನಿಗೆ ಹೋಗುತ್ತದೆ. ಅವರಿಗೂ ಓದುವ ಹಕ್ಕು ಬೇಡವೇ?

ಹಾಗಾದರೆ ಏನು ಮಾಡಬೇಕು?

ನಾವು ಕೇಳಬೇಕಾದದ್ದು ಬಹಳವೇನಲ್ಲ. ಒಂದು ಹಾಳೆ. ಕರ್ನಾಟಕದಲ್ಲಿ ನೋಂದಾಯಿತ ಕಚೇರಿ ಇರುವ, ಜನರ ದುಡ್ಡು ಎತ್ತಿದ ಪ್ರತಿ ಕಂಪನಿಯೂ ವರ್ಷಕ್ಕೊಮ್ಮೆ ಒಂದು ಹಾಳೆ ಕನ್ನಡದಲ್ಲಿ ಕೊಡಲಿ. ವರ್ಷದ ಮೊದಲು ಸಾಲ ಎಷ್ಟಿತ್ತು? ಎಷ್ಟು ತೀರಿಸಿದಿರಿ? ಹೊಸದಾಗಿ ಎಷ್ಟು ಎತ್ತಿದಿರಿ? ಐದು ಜೇಬುಗಳಲ್ಲಿ ಯಾವುದರಿಂದ ಎಷ್ಟು? ಮುಂದಿನ ವರ್ಷದೊಳಗೆ ಎಷ್ಟು ಕಟ್ಟಬೇಕು? ಯಾವ ಕಂತಾದರೂ ತಪ್ಪಿದೆಯೇ? ಇಷ್ಟೇ. ಸೆಬಿಯ ವಿಡಿಯೋದಲ್ಲಿ ಹಿಂದಿಯ ಪಕ್ಕದಲ್ಲಿ ಕನ್ನಡಕ್ಕೂ ಜಾಗ ಸಿಗಲಿ.

ಇದಕ್ಕೆ ಬೋರ್ಡು ಒಡೆಯಬೇಕಿಲ್ಲ, ಲಾಠಿ ತಿನ್ನಬೇಕಿಲ್ಲ. ಒಂದೇ ಒಂದು ಶೇರು ಸಾಕು. ಒಂದು ಶೇರು ಇದ್ದವನಿಗೂ ವಾರ್ಷಿಕ ಮಹಾಸಭೆಗೆ ಹೋಗುವ ಹಕ್ಕಿದೆ, ಪ್ರಶ್ನೆ ಕೇಳುವ ಹಕ್ಕಿದೆ. ೨೦೨೦ರಿಂದ ಎಷ್ಟೋ ಕಂಪನಿಗಳ ಮಹಾಸಭೆ ವಿಡಿಯೋದಲ್ಲೇ ನಡೆಯುತ್ತದೆ. ಮಾತಾಡುವವರು ಮೊದಲೇ ಹೆಸರು ಬರೆಸಬೇಕು, ಅಷ್ಟೇ. ಮುಂದಿನ ಮಹಾಸಭೆಗೆ ಹೆಸರು ಬರೆಸಿ. ನಿಮ್ಮ ಸರದಿ ಬಂದಾಗ ನಾಚಿಕೆ ಬಿಟ್ಟು, ಸ್ಪಷ್ಟ ಕನ್ನಡದಲ್ಲಿ ಕೇಳಿ:

“ಅಧ್ಯಕ್ಷರೇ, ಈ ವರ್ಷ ಸಾಲ ತೀರಿಸಿದ್ದೇವೆ ಎಂದಿದ್ದೀರಿ. ಯಾರ ದುಡ್ಡಿನಿಂದ?”

ಒಬ್ಬರು ಕೇಳಿದರೆ ನಗುತ್ತಾರೆ. ಹತ್ತು ಜನ ಕೇಳಿದರೆ ದುಭಾಷಿಯನ್ನು ಹುಡುಕುತ್ತಾರೆ. ನೂರು ಜನ ಕೇಳಿದರೆ ಹಾಳೆ ಅಚ್ಚಾಗುತ್ತದೆ. ಅಚ್ಚು ಹಾಕಲು ಯಾರೂ ಸಿಗದಿದ್ದರೆ ಸೊರಬಕ್ಕೆ ಕಳುಹಿಸಿ. ನನ್ನ ಕಟಿಂಗ್ ಮೆಷಿನ್ ಹಳೆಯದು, ಆದರೂ ನಡೆಯುತ್ತದೆ.

ಬೋರ್ಡು ಗೆದ್ದಿದ್ದೇವೆ. ಇನ್ನು ಲೆಕ್ಕ ಗೆಲ್ಲೋಣ!

— ಒಬ್ಬ ಮುದ್ರಕ, ಸೊರಬ